ಕೋಕೋ ಬೆಲೆಯ ಏರಿಳಿತ ಮತ್ತು ಬೆಳೆಗಾರ ಕುಟುಂಬಗಳ ಆದಾಯ: ಅರ್ಜಿದಾರರ ಮಾಹಿತಿಗಾಗಿ ಒಂದು ವಿಶ್ಲೇಷಣೆ

ಚಾಕೊಲೇಟ್ ಉದ್ಯಮದ ಮೂಲವಸ್ತುವಾದ ಒಣ ಕೋಕೋ ಬೀಜವು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ 2022ರಲ್ಲಿ ಟನ್ನಿಗೆ ಸುಮಾರು 2,500 ಡಾಲರ್ ದರದಲ್ಲಿ ಮಾರಾಟವಾಗುತ್ತಿತ್ತು. ಅದೇ ಬೀಜದ ದರವು 2024ರ ಏಪ್ರಿಲ್ ತಿಂಗಳಲ್ಲಿ 11,000 ಡಾಲರನ್ನು ದಾಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ 12,000 ಡಾಲರಿಗೂ ಮೇಲೇರಿ, 2025ರ ಅಂತ್ಯದ ವೇಳೆಗೆ 6,000 ಡಾಲರಿನ ಆಸುಪಾಸಿಗೆ ಇಳಿಯಿತು. ಏರಿಕೆಯ ಕಾಲದಲ್ಲಿ ಕೋಕೋ ಬೆಳೆಯು ರೈತರ ಭಾಗ್ಯವನ್ನು ತೆರೆಯಲಿದೆ ಎಂಬ ಸುದ್ದಿಯು ಕರಾವಳಿಯನ್ನು ಮೀರಿ ಬಯಲುಸೀಮೆಯವರೆಗೂ ಹಬ್ಬಿತು. ಇಳಿಕೆಯ ಸುದ್ದಿಗೆ ಅಷ್ಟು ಪ್ರಚಾರ ದೊರೆಯಲಿಲ್ಲ. ಹೊಸ ಬೆಳೆಗೆ ಸಹಾಯಧನ ಕೋರಿ ಅರ್ಜಿ ಸಲ್ಲಿಸಲು ಉದ್ದೇಶಿಸಿರುವವರು ಈ ಎರಡೂ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಆಲೋಚಿಸಲು ಅನುಕೂಲವಾಗಲೆಂದು ಈ ಟಿಪ್ಪಣಿಯನ್ನು ಪ್ರಕಟಿಸಲಾಗಿದೆ. ರಾಯಚೂರು ಜಿಲ್ಲೆಯ ಸಂತೆಕಲ್ಲೂರು ಹಾಗೂ ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದ ಓದುಗರನ್ನು ವಿಶೇಷವಾಗಿ ಗಮನದಲ್ಲಿರಿಸಿಕೊಂಡು ಇದನ್ನು ಸಿದ್ಧಪಡಿಸಲಾಗಿದೆ.

ಬೆಲೆ ಏರಿದ್ದೇಕೆ, ಏರಿದ ಬೆಲೆ ಯಾರಿಗೆ ಸಂದಿತು

ಜಗತ್ತಿನ ಕೋಕೋ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳದ್ದಾಗಿದೆ. ಅಲ್ಲಿ ಕೋಕೋ ಬೆಳೆಯುವವರು ಬಹುತೇಕ ಸಣ್ಣ ಹಿಡುವಳಿದಾರರು. 2023ರಲ್ಲಿ ಅತಿವೃಷ್ಟಿಯಿಂದಾಗಿ ಕಾಯಿ ಕೊಳೆ ರೋಗ ಹರಡಿತು. ಅದರ ಬೆನ್ನಿಗೆ ಎಲ್ ನಿನೊ ಪ್ರಭಾವದ ಒಣ ಹವೆ ಬಂದಿತು. ಕಾಂಡ ಊದಿಕೊಳ್ಳುವ ನಂಜುರೋಗವು ಮೊದಲೇ ತೋಟಗಳನ್ನು ಸವೆಸುತ್ತಿತ್ತು. ಹಳೆಯ ಮರಗಳ ಬದಲಿಗೆ ಹೊಸ ಸಸಿ ನೆಡುವಷ್ಟು ಹಣ ರೈತರ ಕೈಯಲ್ಲಿರಲಿಲ್ಲ. ಘಾನಾ ದೇಶದಲ್ಲಿ ಅನೇಕ ಕೋಕೋ ತೋಟಗಳು ಅಕ್ರಮ ಚಿನ್ನದ ಗಣಿಗಾರಿಕೆಯ ಪಾಲಾಗಿರುವುದೂ ಉಂಟು. ಹಟ್ಟಿ ಚಿನ್ನದ ಗಣಿಯ ನೆರೆಯಲ್ಲಿ ವಾಸಿಸುವ ಲಿಂಗಸುಗೂರು ತಾಲ್ಲೂಕಿನ ಜನರಿಗೆ ಗಣಿ ಮತ್ತು ಹೊಲದ ನಡುವಿನ ಸೆಳೆತವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಲದ ವರಮಾನವು ಸಾಲದಾದಾಗ ನೆಲದ ಅಡಿಯ ಹಣದತ್ತ ಮನಸ್ಸು ಹರಿಯುವುದು ಸಹಜ.

ಬೆಲೆಯು ನಾಲ್ಕೈದು ಪಟ್ಟು ಏರಿದಾಗ ಆ ರೈತರ ಆದಾಯವೂ ಅಷ್ಟೇ ಏರಿತೆಂದು ಭಾವಿಸುವುದು ತಪ್ಪಾಗುತ್ತದೆ. ಈ ಎರಡೂ ದೇಶಗಳಲ್ಲಿ ರೈತನಿಗೆ ಸಲ್ಲುವ ದರವನ್ನು ಸರ್ಕಾರವೇ ಹಂಗಾಮಿಗೊಮ್ಮೆ ನಿಗದಿಪಡಿಸುತ್ತದೆ ಮತ್ತು ಬೆಳೆಯ ಬಹುಭಾಗವನ್ನು ಕೊಯ್ಲಿಗೆ ಮುಂಚೆಯೇ ಮುಂಗಡ ಒಪ್ಪಂದದ ಮೇಲೆ ಮಾರಲಾಗುತ್ತದೆ. ಐವರಿ ಕೋಸ್ಟ್‌ನಲ್ಲಿ 2023–24ರ ಮುಖ್ಯ ಹಂಗಾಮಿಗೆ ನಿಗದಿಯಾದ ದರ ಕಿಲೋಗೆ 1,000 ಸಿ.ಎಫ್.ಎ. ಫ್ರಾಂಕ್ ಆಗಿತ್ತು. ಲಂಡನ್ ಮತ್ತು ನ್ಯೂಯಾರ್ಕ್ ಪೇಟೆಗಳಲ್ಲಿ ದರ ಗಗನಕ್ಕೇರುತ್ತಿದ್ದಾಗಲೂ ರೈತನ ಕೈಗೆ ದೊರೆತದ್ದು ಹಳೆಯ ಒಪ್ಪಂದದ ದರವೇ. ಬಳಿಕ ಸರ್ಕಾರವು ದರವನ್ನು ಹಂತಹಂತವಾಗಿ ಹೆಚ್ಚಿಸುತ್ತಾ 2025ರ ಅಕ್ಟೋಬರ್‌ನಲ್ಲಿ 2,800 ಫ್ರಾಂಕ್‌ಗೆ ತಂದಿತು; ಆದರೆ ಅಷ್ಟರೊಳಗೆ ಹೊರಗಿನ ಬೆಲೆ ಕುಸಿಯತೊಡಗಿತ್ತು. ಘಾನಾ ಸರ್ಕಾರವು 2026ರ ಫೆಬ್ರವರಿಯಲ್ಲಿ ಹಂಗಾಮಿನ ನಡುವೆಯೇ ರೈತರ ದರವನ್ನು ಕಾಲು ಭಾಗಕ್ಕೂ ಮಿಗಿಲಾಗಿ ಕಡಿತಗೊಳಿಸಬೇಕಾಯಿತು. ಏರಿಕೆಯು ರೈತನನ್ನು ತಡವಾಗಿ ತಲುಪಿತು, ಇಳಿಕೆಯಾದರೋ ಬೇಗನೆ ತಲುಪಿತು.

ಬೆಳೆಗಾರ ಕುಟುಂಬಕ್ಕೆ ಜೀವನ ನಿರ್ವಹಣೆಗೆ ತಕ್ಕ ಆದಾಯ ದೊರೆಯಬೇಕೆಂಬ ಉದ್ದೇಶದಿಂದ ಈ ಎರಡು ದೇಶಗಳು 2020–21ರ ಹಂಗಾಮಿನಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿ ಮೊತ್ತವನ್ನು ಖರೀದಿದಾರರ ಮೇಲೆ ವಿಧಿಸಿದವು. ಉದ್ದೇಶವು ಒಳ್ಳೆಯದೇ. ಆದರೆ ಖರೀದಿದಾರರು ಗುಣಮಟ್ಟಕ್ಕಾಗಿ ಕೊಡುತ್ತಿದ್ದ ಬೇರೊಂದು ಹೆಚ್ಚುವರಿಯನ್ನು ತಗ್ಗಿಸಿ, ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಹಿಂಪಡೆದರು. ಆದುದರಿಂದ ದರಕ್ಕೆ ಎಷ್ಟು ಸೇರಿಸಲಾಗಿದೆ ಎಂಬುದಷ್ಟನ್ನೇ ನೋಡದೆ, ಕೊನೆಯಲ್ಲಿ ರಸೀದಿಯ ಮೇಲೆ ಎಷ್ಟು ಉಳಿಯಿತು ಎಂಬುದನ್ನೂ ನೋಡುವುದು ಅವಶ್ಯ.

ಕರ್ನಾಟಕದ ಕೋಕೋ: ಒಂದು ಹಳೆಯ ಕುಸಿತ

ನಮ್ಮ ದೇಶದಲ್ಲಿ ಕೋಕೋ ವಾಣಿಜ್ಯ ಬೆಳೆಯಾಗಿ ನೆಲೆಗೊಂಡುದು 1960ರ ದಶಕದ ನಂತರ. ಪ್ರಸ್ತುತ ಆಂಧ್ರಪ್ರದೇಶ, ಕೇರಳ, ತಮಿಳುನಾಡು ಮತ್ತು ಕರ್ನಾಟಕಗಳಲ್ಲಿ ಇದನ್ನು ಬೆಳೆಯಲಾಗುತ್ತಿದ್ದು, ದೇಶದ ವಾರ್ಷಿಕ ಉತ್ಪಾದನೆ 30 ಸಾವಿರ ಟನ್‌ಗಳ ಆಸುಪಾಸಿನಲ್ಲಿದೆ. ಇದು ದೇಶದೊಳಗಿನ ಚಾಕೊಲೇಟ್ ಉದ್ಯಮದ ಬೇಡಿಕೆಗೆ ಸಾಲದೆ ಉಳಿದುದು ಆಮದಾಗುತ್ತಿದೆ. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ, ಕೊಡಗು, ಶಿವಮೊಗ್ಗ ಮುಂತಾದ ಜಿಲ್ಲೆಗಳ ಅಡಿಕೆ ಮತ್ತು ತೆಂಗಿನ ತೋಟಗಳಲ್ಲಿ ಇದು ಮಿಶ್ರ ಬೆಳೆಯಾಗಿದೆ.

1980ರ ಆಸುಪಾಸಿನಲ್ಲಿ ಅಂತರರಾಷ್ಟ್ರೀಯ ಬೆಲೆ ಕುಸಿದಾಗ, ಅದುವರೆಗೆ ಕೋಕೋ ಕೊಳ್ಳುತ್ತಿದ್ದ ಖಾಸಗಿ ಸಂಸ್ಥೆಯು ಖರೀದಿಯಿಂದ ಹಿಂದೆ ಸರಿಯಿತು. ಪ್ರೋತ್ಸಾಹದ ಮಾತುಗಳನ್ನು ನಂಬಿ ಗಿಡ ನೆಟ್ಟ ರೈತರು ಹಣ್ಣಾದ ಕಾಯಿಗಳನ್ನು ಮಾರಲಾರದೆ ಗಿಡಗಳನ್ನೇ ಕಡಿದು ಹಾಕಿದರು. ಆಗ ಕರ್ನಾಟಕ ಮತ್ತು ಕೇರಳ ಸರ್ಕಾರಗಳ ಕೋರಿಕೆಯಂತೆ, 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಸ್ಥಾಪನೆಗೊಂಡಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಕೋಕೋ ಖರೀದಿಗೆ ಇಳಿಯಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರಾಗಿದ್ದರು. ಕೊಂಡ ಬೀಜಕ್ಕೆ ಹೊರಗಿನ ಗಿರಾಕಿಯನ್ನೇ ಕಾಯುತ್ತಾ ಕೂರುವುದು ಅಪಾಯಕರವೆಂದು ಮನಗಂಡ ಸಂಸ್ಥೆಯು ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನು ಕಟ್ಟಿತು. 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಅದನ್ನು ಉದ್ಘಾಟಿಸಿದರು.

ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶವಿದೆ. ಕರಾವಳಿಯ ರೈತನಿಗೆ ಸಹಕಾರಿ ಸಂಸ್ಥೆಯು ಯಾವಾಗಲೂ ಅತ್ಯಧಿಕ ಬೆಲೆಯನ್ನು ಕೊಟ್ಟಿತೆಂದು ಹೇಳಲಾಗದು. ಆದರೆ ಕೊಳ್ಳುವವನೇ ಇಲ್ಲವೆಂಬ ಸ್ಥಿತಿಯು ಮತ್ತೆ ಬರದಂತೆ ನೋಡಿಕೊಂಡಿತು. ಕೋಕೋ ಬೆಳೆಗೆ ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆಯಿಲ್ಲ. ಅಂತಹ ಬೆಳೆಯಲ್ಲಿ ಖಾಯಂ ಖರೀದಿದಾರನ ಇರುವಿಕೆಯೇ ಬೆಂಬಲ ಬೆಲೆಗೆ ಸಮಾನವಾದ ರಕ್ಷಣೆ ಎಂಬುದು ಈ ಟಿಪ್ಪಣಿಯ ಅಭಿಪ್ರಾಯ.

ಹಸಿ ಬೀಜ, ಒಣ ಬೀಜ ಮತ್ತು ಲೆಕ್ಕ

ಕೋಕೋ ಕಾಯಿಯನ್ನು ಒಡೆದು ತೆಗೆದ ಲೋಳೆಸಹಿತವಾದ ಬೀಜವನ್ನು ಹಸಿ ಬೀಜವೆಂದೂ, ಅದನ್ನು ಸುಮಾರು ಆರೇಳು ದಿನ ಪೆಟ್ಟಿಗೆ ಅಥವಾ ಬುಟ್ಟಿಗಳಲ್ಲಿ ಹುಳಿಯಲು ಇಟ್ಟು, ನಂತರ ತೇವಾಂಶವು ಶೇಕಡ 6ರಿಂದ 7ಕ್ಕೆ ಇಳಿಯುವವರೆಗೆ ಒಣಗಿಸಿದ್ದನ್ನು ಒಣ ಬೀಜವೆಂದೂ ಕರೆಯಲಾಗುತ್ತದೆ. ಮೂರು ಕಿಲೋ ಹಸಿ ಬೀಜದಿಂದ ಸುಮಾರು ಒಂದು ಕಿಲೋ ಒಣ ಬೀಜ ದೊರೆಯುತ್ತದೆ. ಪತ್ರಿಕೆಗಳಲ್ಲಿ ಓದುವ ಅಂತರರಾಷ್ಟ್ರೀಯ ದರವು ಒಣ ಬೀಜದ್ದು. ಕರಾವಳಿಯ ರೈತನು ಸಾಮಾನ್ಯವಾಗಿ ಮಾರುವುದು ಹಸಿ ಬೀಜವನ್ನು. ಈ ಭೇದವನ್ನು ಅರಿಯದೆ ಲೆಕ್ಕ ಹಾಕಿದಲ್ಲಿ ಆದಾಯವು ಮೂರು ಪಟ್ಟು ಹಿಗ್ಗಿ ಕಾಣುತ್ತದೆ.

ಉದಾಹರಣೆಯಾಗಿ ಅಡಿಕೆಯ ನಡುವೆ ಎಕರೆಗೆ 260 ಕೋಕೋ ಗಿಡಗಳಿರುವ ತೋಟವನ್ನು ತೆಗೆದುಕೊಳ್ಳೋಣ. ಗಿಡವೊಂದಕ್ಕೆ ವರ್ಷಕ್ಕೆ ಒಂದು ಕಿಲೋ ಒಣ ಬೀಜದ ಇಳುವರಿ ಎಂದು ಹಿಡಿದರೆ ಹಸಿ ಬೀಜದ ಪ್ರಮಾಣ ಸುಮಾರು 780 ಕಿಲೋ. ಹಸಿ ಬೀಜಕ್ಕೆ ಹಲವು ವರ್ಷಗಳ ಕಾಲ ಇದ್ದ ಕಿಲೋಗೆ 60 ರೂಪಾಯಿ ಆಸುಪಾಸಿನ ದರದಲ್ಲಿ ಇದು 46,800 ರೂಪಾಯಿ. 2024ರ ಬೇಸಿಗೆಯಲ್ಲಿ ದರವು 300 ರೂಪಾಯಿಯ ಸಮೀಪಕ್ಕೆ ಬಂದಾಗ ಅದೇ ಬೀಜವು 2,34,000 ರೂಪಾಯಿ. ಎರಡನೆಯ ಅಂಕಿಯನ್ನು ಮುಂದಿಟ್ಟುಕೊಂಡು ಸಾಲ ಎತ್ತಿದ ಕುಟುಂಬವು ಮೊದಲನೆಯ ಅಂಕಿಯ ವರ್ಷದಲ್ಲಿ ಕಂತು ಕಟ್ಟಬೇಕಾಗುತ್ತದೆ. ಇದಲ್ಲದೆ 2024ರಲ್ಲಿ ನೆಟ್ಟ ಗಿಡವು ಫಲ ಕೊಡಲಾರಂಭಿಸುವುದು ಮೂರನೆಯ ವರ್ಷದ ನಂತರ; ಪೂರ್ಣ ಇಳುವರಿಗೆ ಇನ್ನೂ ಎರಡು ಮೂರು ವರ್ಷ ಬೇಕು. ಅರ್ಥಾತ್, ಬೆಲೆಯ ಶಿಖರವನ್ನು ಕಂಡು ನೆಟ್ಟವರು ಆ ಶಿಖರದ ಬೆಲೆಗೆ ಒಂದು ಕಾಯಿಯನ್ನೂ ಮಾರಿಲ್ಲ.

ರೈತರು ಮನೆಯಲ್ಲಿಯೇ ಹುಳಿಸಿ ಒಣಗಿಸಿದರೆ ಹೆಚ್ಚು ಬೆಲೆ ದೊರೆಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ದೊರೆಯಬಹುದು, ಆದರೆ ಕರಾವಳಿಯ ಮುಖ್ಯ ಕೊಯ್ಲು ಮುಂಗಾರಿನ ಹೊಸ್ತಿಲಿನಲ್ಲಿ ಬರುತ್ತದೆ. ಆ ಮಳೆಯಲ್ಲಿ ಬಿಸಿಲನ್ನು ನಂಬಿ ಬೀಜ ಹರಡಿದವರಿಗೆ ಬೂಸಲೇ ಗತಿ. ಆದ್ದರಿಂದ ಅಲ್ಲಿಯ ಕುಟುಂಬಗಳು ಹಸಿ ಬೀಜವನ್ನು ಖರೀದಿ ಕೇಂದ್ರಕ್ಕೆ ಕೊಟ್ಟು ಹಣ ಪಡೆಯುವುದನ್ನು ಅಜ್ಞಾನವೆಂದು ತಿಳಿಯಬಾರದು. ಅದು ಹವಾಮಾನಕ್ಕೆ ತಕ್ಕ ವ್ಯವಹಾರ. ಆಂಧ್ರಪ್ರದೇಶದ ಗೋದಾವರಿ ಜಿಲ್ಲೆಗಳಲ್ಲಿ ರೈತರು ತಾವೇ ಒಣಗಿಸುತ್ತಾರೆ. 2024ರಲ್ಲಿ ಒಣ ಬೀಜವು ಕಿಲೋಗೆ 1,000 ರೂಪಾಯಿ ಮುಟ್ಟಿದ್ದನ್ನು ಕಂಡ ಅವರು, 2025ರಲ್ಲಿ ಕಂಪನಿಗಳು ದಾಸ್ತಾನನ್ನು ಕೊಳ್ಳಲು ಹಿಂಜರಿದಾಗ ಬೀದಿಗಿಳಿದು ಹೋರಾಡಬೇಕಾಯಿತು. ಕೊನೆಗೆ ಆಂಧ್ರ ಸರ್ಕಾರವು ಕಂಪನಿಗಳಿಂದ 450 ರೂಪಾಯಿ, ತನ್ನ ಬೊಕ್ಕಸದಿಂದ 50 ರೂಪಾಯಿ ಸೇರಿಸಿ ಕಿಲೋಗೆ 500 ರೂಪಾಯಿ ದೊರೆಯುವ ಏರ್ಪಾಡು ಮಾಡಿತು. ಒಣ ಬೀಜವು ರೈತನಿಗೆ ಕಾಯುವ ಶಕ್ತಿಯನ್ನು ಕೊಡುತ್ತದೆ. ಕಾಯ್ದ ಸರಕು ಉಳಿದುಹೋಗುವ ಅಪಾಯವನ್ನೂ ಅದರೊಂದಿಗೇ ಕೊಡುತ್ತದೆ.

ಇಷ್ಟಾಗಿಯೂ ಕೋಕೋ ಬೆಳೆಯು ಕರಾವಳಿ ಮತ್ತು ಮಲೆನಾಡಿನ ಕುಟುಂಬಗಳಿಗೆ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಅಡಿಕೆಗೆ ಹಾಕಿದ ನೀರು ಮತ್ತು ಗೊಬ್ಬರದ ಜೊತೆಗೇ ಇದೂ ಬೆಳೆಯುತ್ತದೆ. ಉದುರಿದ ಎಲೆಯು ತೋಟಕ್ಕೆ ಮುಚ್ಚಿಗೆಯಾಗುತ್ತದೆ. ವರ್ಷಕ್ಕೊಮ್ಮೆ ಬರುವ ಅಡಿಕೆಯ ಹಣದ ನಡುವೆ ಹಲವು ಬಾರಿ ಸಣ್ಣ ಮೊತ್ತ ಕೈಸೇರುತ್ತದೆ. ಸುಳ್ಯ ತಾಲ್ಲೂಕಿನ ಹಳದಿ ಎಲೆ ರೋಗಪೀಡಿತ ತೋಟಗಳಲ್ಲಿ ಇಂತಹ ಸಣ್ಣ ಮೊತ್ತಕ್ಕೆ ದೊಡ್ಡ ಅರ್ಥವಿದೆ. ಅಂತಹ ಕುಟುಂಬಗಳ ಆದಾಯ ಹೆಚ್ಚಬೇಕಾದರೆ ಬೆಲೆಯನ್ನು ನೆಚ್ಚುವುದಕ್ಕಿಂತ ಗಿಡವನ್ನು ನೋಡುವುದು ಮೇಲು. ವರ್ಷಕ್ಕೊಮ್ಮೆ ಸವರದೆ ಮೇಲಕ್ಕೆ ಬಿಟ್ಟ ಗಿಡವು ನೆರಳನ್ನು ಬೆಳೆಸುತ್ತದೆಯೇ ಹೊರತು ಕಾಯನ್ನಲ್ಲ. ಮಳೆಗಾಲಕ್ಕೆ ಮುನ್ನ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು, ಕೊಳೆತ ಕಾಯಿಗಳನ್ನು ಮರದಲ್ಲಿ ಬಿಡದೆ ತೆಗೆದುಹಾಕುವುದು, ಅಳಿಲು ಮತ್ತು ಇಲಿಗಳ ಬಾಯಿಗೆ ಬೀಳುವ ಮುನ್ನ ಹಣ್ಣನ್ನು ಸಕಾಲದಲ್ಲಿ ಕೊಯ್ಯುವುದು, ಇವುಗಳಿಂದ ಉಳಿಯುವ ಬೀಜವು ಪೇಟೆಯ ಯಾವ ಏರಿಳಿತಕ್ಕೂ ಒಳಪಟ್ಟುದಲ್ಲ. ವಿಟ್ಲದಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಸುಧಾರಿತ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಸಸಿಯ ಮೂಲವು ಖಚಿತವಿಲ್ಲದ ನರ್ಸರಿಗಳಿಂದ ಕೊಳ್ಳುವುದಕ್ಕಿಂತ ಅಲ್ಲಿಯ ತಳಿಗಳನ್ನು ಕೇಳಿ ಪಡೆಯುವುದು ಸೂಕ್ತ.

ಸಂತೆಕಲ್ಲೂರಿನ ಪ್ರಶ್ನೆ

ಇನ್ನು ಮಸ್ಕಿ ತಾಲ್ಲೂಕಿನ ವಿಷಯ. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ನಂತರ ಎಲ್ಲಾ 33 ಗೇಟುಗಳನ್ನೂ ಬದಲಿಸುವ ಕಾಮಗಾರಿಯ ನಿಮಿತ್ತ 2025–26ನೇ ಸಾಲಿನಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ದೊರೆಯಲಿಲ್ಲ. ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರು ಭಾಗದ ಭತ್ತದ ಗದ್ದೆಗಳು ಬೇಸಿಗೆಯಲ್ಲಿ ಬೀಳುಬಿದ್ದವು. ಕಾಲುವೆಯ ಕೊನೆಯ ಭಾಗದವರಿಗೆ ನೀರಿನ ಕೊರತೆ ಹೊಸದಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು ದೀರ್ಘಕಾಲ ಹೋರಾಡಿದ್ದೂ ಎಲ್ಲರಿಗೂ ತಿಳಿದ ಸಂಗತಿ. ಭತ್ತ, ಹತ್ತಿ, ತೊಗರಿಗಳ ಹೊರತಾಗಿ ಬೇರೇನಾದರೂ ಇದೆಯೇ ಎಂದು ಕುಟುಂಬಗಳು ಹುಡುಕುತ್ತಿರುವ ಹೊತ್ತಿನಲ್ಲಿಯೇ ಕೋಕೋ ಬೆಲೆಯ ಸುದ್ದಿ ಬಂದಿತೆಂಬುದನ್ನು ಇಲ್ಲಿ ನೆನೆಯಬೇಕು.

ಉತ್ತರವನ್ನು ಸುತ್ತುಬಳಸದೆ ಹೇಳುವುದಾದರೆ, ಸಂತೆಕಲ್ಲೂರಿನ ಹೊಲಗಳಿಗೆ ಕೋಕೋ ತಕ್ಕ ಬೆಳೆಯಲ್ಲ. ಈ ಗಿಡಕ್ಕೆ ವರ್ಷಕ್ಕೆ 1,500ರಿಂದ 2,000 ಮಿಲಿಮೀಟರ್ ಮಳೆ, ತೇವಭರಿತ ಗಾಳಿ ಮತ್ತು ಎತ್ತರದ ಮರಗಳ ನೆರಳು ಬೇಕು. ರಾಯಚೂರು ಜಿಲ್ಲೆಯ ಮಳೆ ಸುಮಾರು 600 ಮಿಲಿಮೀಟರ್; ಬೇಸಿಗೆಯ ತಾಪ 40 ಡಿಗ್ರಿಯನ್ನು ದಾಟುತ್ತದೆ; ಒಣಗಾಳಿಗೆ ತಡೆಯಿಲ್ಲ. ಕೊಳವೆಬಾವಿ ಮತ್ತು ಹನಿ ನೀರಾವರಿಯಿಂದ ತೆಂಗಿನ ನಡುವೆ ಹತ್ತಿಪ್ಪತ್ತು ಗಿಡಗಳನ್ನು ಬದುಕಿಸಬಹುದು, ಆದರೆ ಬದುಕುವುದು ಬೇರೆ, ಬಾಳುವುದು ಬೇರೆ. ಗಿಡ ಫಲ ಕೊಟ್ಟಿತೆಂದೇ ಇಟ್ಟುಕೊಂಡರೂ, ಪುತ್ತೂರು ಇಲ್ಲಿಂದ 400 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಹಸಿ ಬೀಜವು ಅಷ್ಟು ದಾರಿ ಕಾಯುವ ಸರಕಲ್ಲ. ಹತ್ತಾರು ಕಿಲೋ ಬೀಜಕ್ಕಾಗಿ ಯಾವ ಸಂಸ್ಥೆಯೂ ಖರೀದಿ ಕೇಂದ್ರ ತೆರೆಯುವುದಿಲ್ಲ. 1980ರಲ್ಲಿ ಕರಾವಳಿಯ ರೈತರು ಕಂಡ ಸ್ಥಿತಿಗೆ ಇಲ್ಲಿಯವರು ಮೊದಲ ಕೊಯ್ಲಿನಲ್ಲಿಯೇ ಬಂದು ನಿಲ್ಲುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೃಷಿಜ್ಞಾನ ಪ್ರದೀಪಿಕೆ ಎಂಬ ಗ್ರಂಥವನ್ನು ರಚಿಸಿದ ಘನಮಠ ಶಿವಯೋಗಿಗಳ ಊರಿಗೆ, ಮಣ್ಣು ನೋಡಿ ಬೆಳೆ ಆರಿಸಬೇಕೆಂಬ ಮಾತನ್ನು ಹೊರಗಿನವರು ಬಂದು ಹೇಳಬೇಕಾದುದೇನೂ ಇಲ್ಲ.

ಕೋಕೋ ಗಿಡವು ಇಲ್ಲಿಗೆ ಬೇಡವಾದರೂ ಕೋಕೋ ವ್ಯವಹಾರದ ಪಾಠ ಇಲ್ಲಿಗೆ ಬೇಕು. ಹತ್ತಿಯನ್ನೇ ನೋಡಬಹುದು. ಹತ್ತಿಯ ಮೇಲಿನ ಶೇಕಡ 11ರ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2025ರ ಆಗಸ್ಟ್ 19ರಿಂದ ವರ್ಷಾಂತ್ಯದವರೆಗೆ ತೆಗೆದುಹಾಕಿತು. ಬಿಡಿಸಿದ ಹತ್ತಿ ಮನೆ ಸೇರುವ ತಿಂಗಳುಗಳು ಅವೇ. ಪೇಟೆಯಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ, ಕ್ವಿಂಟಾಲಿಗೆ ಮಧ್ಯಮ ಎಳೆಗೆ 7,710 ರೂಪಾಯಿ ಹಾಗೂ ಉದ್ದ ಎಳೆಗೆ 8,110 ರೂಪಾಯಿಯ 2025–26ರ ಬೆಂಬಲ ಬೆಲೆಯನ್ನು ಪಡೆಯಲು ಭಾರತೀಯ ಹತ್ತಿ ನಿಗಮದ ಕೇಂದ್ರಗಳಿಗೆ ಹೋಗಬೇಕಾಗಿತ್ತು. ಅದಕ್ಕೆ ಮೊಬೈಲ್ ಫೋನಿನ ಕಪಾಸ್ ಕಿಸಾನ್ ತಂತ್ರಾಂಶದಲ್ಲಿ ಮುಂಚಿತ ನೋಂದಣಿ ಅಗತ್ಯವಾಗಿತ್ತು. ನೋಂದಣಿ ಮಾಡಿಸದವರ ಪಾಲಿಗೆ ಬೆಂಬಲ ಬೆಲೆಯು ಕೇವಲ ಪತ್ರಿಕೆಯಲ್ಲಿ ಓದುವ ಅಂಕಿಯಾಯಿತು. ಐವರಿ ಕೋಸ್ಟ್‌ನ ರೈತನಿಗೂ ಮಸ್ಕಿಯ ರೈತನಿಗೂ ಇಲ್ಲಿರುವ ಸಾಮ್ಯವು ಕಣ್ಣಿಗೆ ಕಟ್ಟುವಂತಿದೆ: ದೂರದ ನಿರ್ಧಾರವೊಂದು ದರವನ್ನು ಬದಲಿಸುತ್ತದೆ, ಮತ್ತು ರಕ್ಷಣೆಯು ದಾಖಲೆ ಸರಿಯಿದ್ದವನಿಗೆ ಮಾತ್ರ ದೊರೆಯುತ್ತದೆ.

ಆದುದರಿಂದ ಈ ಭಾಗದ ಕುಟುಂಬಗಳು ನಿಂಬೆ, ದಾಳಿಂಬೆ, ಪೇರಲ, ಪಪ್ಪಾಯ, ನುಗ್ಗೆ, ಮಾವು ಮುಂತಾಗಿ ಇಲ್ಲಿಯ ಬಿಸಿಲನ್ನು ತಾಳುವ ಬೆಳೆಗಳ ಬಗ್ಗೆ ವಿಚಾರಿಸುವುದು ಯುಕ್ತ. ಅದರಲ್ಲಿಯೂ ಇಡೀ ಹೊಲವನ್ನು ಒಮ್ಮೆಗೇ ಹೊಸ ಬೆಳೆಗೆ ಒಪ್ಪಿಸದೆ, ಕೋಕೋ ಅಡಿಕೆಯ ನಡುವೆ ಇರುವಂತೆ, ಇದ್ದ ಬೆಳೆಯ ಪಕ್ಕದಲ್ಲಿ ಒಂದು ಭಾಗವನ್ನಷ್ಟೇ ಮೀಸಲಿಡುವುದು ಲೇಸು. ದಾಳಿಂಬೆಗೆ ದುಂಡಾಣು ಅಂಗಮಾರಿ ರೋಗದ ಭಯವಿದ್ದು, ಔಷಧೋಪಚಾರದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಹಾಗೆಯೇ ನೆಡುವ ಮುನ್ನವೇ ಕೊಳ್ಳುವವರು ಯಾರು, ಎಲ್ಲಿ ತೂಗುತ್ತಾರೆ, ಎಷ್ಟು ದಿನಕ್ಕೆ ಹಣ ಕೊಡುತ್ತಾರೆ ಎಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು. ಮಣ್ಣು ಮತ್ತು ನೀರಿನ ಬಗ್ಗೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರ ಸಲಹೆಯನ್ನು ಪಡೆಯಬಹುದಾಗಿದೆ.

ಅರ್ಜಿ ಸಲ್ಲಿಸುವವರಿಗೆ

ಕೋಕೋ ಸೇರಿದಂತೆ ತೋಟಗಾರಿಕೆ ಬೆಳೆಗಳ ಪ್ರದೇಶ ವಿಸ್ತರಣೆಗೆ ಸಹಾಯಧನ ಕೋರುವವರು ತಮ್ಮ ತಾಲ್ಲೂಕಿನ ವ್ಯಾಪ್ತಿಯ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸತಕ್ಕದ್ದು. ಕೋಕೋ ಬೆಳೆಯ ಅಭಿವೃದ್ಧಿಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಕಾರ್ಯಕ್ರಮಗಳನ್ನು ಕೊಚ್ಚಿಯಲ್ಲಿರುವ ಗೇರು ಮತ್ತು ಕೋಕೋ ಅಭಿವೃದ್ಧಿ ನಿರ್ದೇಶನಾಲಯವು ನೋಡಿಕೊಳ್ಳುತ್ತದೆ. ಪಹಣಿ ಪತ್ರಿಕೆ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಫ್ರೂಟ್ಸ್ ಗುರುತಿನ ಸಂಖ್ಯೆ ಹಾಗೂ ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರವನ್ನು ಸಿದ್ಧವಿರಿಸಿಕೊಳ್ಳಬೇಕು. ಸಹಾಯಧನದ ಪ್ರಮಾಣವು ಆಯಾ ಸಾಲಿನ ಮಾರ್ಗಸೂಚಿ ಮತ್ತು ಅನುದಾನದ ಲಭ್ಯತೆಗೆ ಒಳಪಟ್ಟಿರುವುದರಿಂದ, ಮಧ್ಯವರ್ತಿಗಳು ಹೇಳುವ ಮೊತ್ತವನ್ನು ನಂಬಿ ಸಸಿ ಅಥವಾ ಹನಿ ನೀರಾವರಿ ಸಾಮಗ್ರಿಯನ್ನು ಮುಂಚೆಯೇ ಖರೀದಿಸಬಾರದು. ಮೊದಲು ಕಛೇರಿಯಲ್ಲಿ ವಿಚಾರಿಸುವುದು.

ಪಹಣಿಯು ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದು ಹಲವು ಕುಟುಂಬಗಳಿಗೆ ದೊಡ್ಡ ತೊಡಕು. ಹೊಲದಲ್ಲಿ ದುಡಿಯುವವರು ಒಬ್ಬರು, ದಾಖಲೆಯಲ್ಲಿರುವವರು ಇನ್ನೊಬ್ಬರಾದಲ್ಲಿ ಸಹಾಯಧನವಾಗಲಿ ಬೆಂಬಲ ಬೆಲೆಯ ಹಣವಾಗಲಿ ದುಡಿದವರ ಖಾತೆಗೆ ಬರುವುದಿಲ್ಲ. ಕೋಕೋ ತೋಟದಲ್ಲಿ ಕಾಯಿ ಒಡೆದು ಬೀಜ ತೆಗೆಯುವ ಮತ್ತು ಹತ್ತಿ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸವು ಬಹುಮಟ್ಟಿಗೆ ಹೆಣ್ಣುಮಕ್ಕಳದ್ದಾಗಿದ್ದು, ವಿಧವೆಯರು ಈ ಕಾರಣದಿಂದಲೇ ಹೆಚ್ಚು ನಷ್ಟ ಅನುಭವಿಸುತ್ತಾರೆ. ಅಂತಹವರು ಮೊದಲು ಗ್ರಾಮ ಆಡಳಿತಾಧಿಕಾರಿಗಳನ್ನು ಕಂಡು ಪೌತಿ ಖಾತೆ ಬದಲಾವಣೆಗೆ ಅರ್ಜಿ ಕೊಡುವುದು. ಕಂದಾಯ ಇಲಾಖೆಯು 2025ರಲ್ಲಿ ಇದಕ್ಕಾಗಿ ಇ-ಪೌತಿ ಆಂದೋಲನವನ್ನು ಆರಂಭಿಸಿದೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಮತ್ತು ಎಲ್ಲಾ ವಾರಸುದಾರರ ಆಧಾರ್ ಪ್ರತಿಗಳನ್ನು ಒಟ್ಟಿಗೆ ಒಯ್ದಲ್ಲಿ ಅಲೆದಾಟವು ಕಡಿಮೆಯಾಗುತ್ತದೆ. ಖಾತೆ ಬದಲಾದ ನಂತರ ಫ್ರೂಟ್ಸ್ ತಂತ್ರಾಂಶದಲ್ಲಿಯೂ ಸರ್ವೆ ನಂಬರನ್ನು ಹೊಸ ಹೆಸರಿಗೆ ಜೋಡಿಸಿಕೊಂಡು, ಅನಂತರ ತೋಟಗಾರಿಕೆ ಕಛೇರಿಗೆ ಅರ್ಜಿ ಸಲ್ಲಿಸಬೇಕೆಂದು ಕೋರಲಾಗಿದೆ.